ಪೈಪು, ಮೊಳೆ, ಸೋಪು: ಕಲೌಪಾಪದಲ್ಲಿ ಮಿಷನರಿಗಳು ಮಾಡಿದ ಕೆಲಸ

(ಜನವರಿ 30ರ ಕುಷ್ಠರೋಗ ವಿರೋಧಿ ದಿನದಂದು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಕೆಲವು ಕಡೆ ಸ್ವಲ್ಪ ವಿವರ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಜಾಗ ಎಲ್ಲಿದೆ ಅಂತ ನೋಡೋಣ. ಪೆಸಿಫಿಕ್ ಸಾಗರದ ನಟ್ಟನಡುವೆ ಹವಾಯಿ ದ್ವೀಪಗಳಿವೆ. ಅವುಗಳಲ್ಲಿ ಒಂದರ ಹೆಸರು ಮೊಲೊಕಾಯಿ. ಅದರ ಉತ್ತರ ಅಂಚಿನಲ್ಲಿ ಚಪ್ಪಟೆ ನೆಲದ ತುಂಡೊಂದು ಸಮುದ್ರದೊಳಗೆ ಚಾಚಿಕೊಂಡಿದೆ. ಮೂರು ಕಡೆ ಕಡಲು. ನಾಲ್ಕನೇ ಕಡೆ ಸುಮಾರು 2,000 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಬೆಟ್ಟ. ಮೇಲಿನಿಂದ ಕೆಳಗೆ ಇಳಿಯಲು ಒಂದೇ ಕಾಲುದಾರಿ, ಅದಕ್ಕೆ 26 ತಿರುವುಗಳು. ಚಳಿಗಾಲದಲ್ಲಿ ಕಡಲು ಎಷ್ಟು ಒರಟಾಗಿರುತ್ತದೆ ಅಂದರೆ ದೋಣಿ ದಡಕ್ಕೆ ಬರುವುದೇ ಕಷ್ಟ. ಈ ನೆಲದ ಪೂರ್ವ ಬದಿಗೆ ಕಲವಾವೊ, ಪಶ್ಚಿಮ ಬದಿಗೆ ಕಲೌಪಾಪ. ಕಲವಾವೊ ಕಡೆ ಗಾಳಿ, ಮಳೆ, ಚಳಿ ಜಾಸ್ತಿ. ಕಲೌಪಾಪ ಸ್ವಲ್ಪ ಬೆಚ್ಚಗಿನ ಜಾಗ.

ಅಲ್ಲಿ ನೂರಾರು ವರ್ಷಗಳಿಂದ ಹವಾಯಿ ಜನ ಬದುಕುತ್ತಿದ್ದರು. ಸಿಹಿಗೆಣಸು ಬೆಳೆಯುತ್ತಿದ್ದರು. ಪಕ್ಕದ ವೈಕೊಲು ಕಣಿವೆಯಲ್ಲಿ ಕೆಸು ನೆಡುತ್ತಿದ್ದರು. ನಮ್ಮ ಕಡೆ ಪತ್ರೊಡೆಗೆ ಎಲೆ ಕೊಡುವ ಅದೇ ಕೆಸು. ಅವರು ಅದರ ಗೆಡ್ಡೆಯನ್ನು ಬೇಯಿಸಿ, ಕುಟ್ಟಿ, ನೀರು ಬೆರೆಸಿ ಪೊಯ್ ಎಂಬ ಗಂಜಿ ಮಾಡುತ್ತಾರೆ. ಅದೇ ಅವರ ಅನ್ನ.

ಇಂಥ ಜಾಗಕ್ಕೆ 1866ರ ಜನವರಿ 6ರಂದು ಒಂದು ಹಡಗಿನಿಂದ ಒಂಬತ್ತು ಗಂಡಸರು, ಮೂವರು ಹೆಂಗಸರನ್ನು ಇಳಿಸಿದರು. ಅವರಿಗೆ ಕುಷ್ಠರೋಗ ಇದೆ ಅಂತ ಸರ್ಕಾರ ಹೇಳಿತ್ತು. ಅದರ ಹಿಂದಿನ ವರ್ಷ, 1865ರ ಜನವರಿಯಲ್ಲಿ, ದೊರೆ ಐದನೇ ಕಮೆಹಮೆಹ ಒಂದು ಕಾನೂನಿಗೆ ಸಹಿ ಹಾಕಿದ್ದ. ರೋಗ ಹರಡದಂತೆ ರೋಗಿಗಳನ್ನು ಬೇರೆ ಇಡಬೇಕು ಎಂಬ ಕಾನೂನು. ಅದು ರದ್ದಾದದ್ದು 1969ರಲ್ಲಿ. ನೂರು ವರ್ಷಕ್ಕೂ ಜಾಸ್ತಿ ಕಾಲ ಅದು ನಡೆಯಿತು. ಆ ಅವಧಿಯಲ್ಲಿ ಸುಮಾರು 8,000 ಜನರನ್ನು ಅಲ್ಲಿಗೆ ಕಳಿಸಿದರು. ಬಹುಪಾಲು ಹವಾಯಿಯ ಮೂಲ ಜನ. ಮಕ್ಕಳೂ ಇದ್ದರು.

ಈ ಕಾನೂನು ಯಾಕೆ ಬಂತು ಅಂತ ಕೇಳಬೇಕು. 1778ರಲ್ಲಿ ಯುರೋಪಿನ ಹಡಗುಗಳು ಬಂದ ಮೇಲೆ ಹವಾಯಿಯಲ್ಲಿ ಒಂದಾದ ಮೇಲೊಂದು ಹೊಸ ರೋಗ ಬಂತು. ಸಿಡುಬು, ದಡಾರ, ಇನ್ಫ್ಲುಯೆಂಜಾ. ಲಕ್ಷಗಟ್ಟಲೆ ಇದ್ದ ಮೂಲ ಜನ 1890ರ ಹೊತ್ತಿಗೆ 40,000ದಷ್ಟಕ್ಕೆ ಇಳಿದಿದ್ದರು. ತನ್ನ ಜನ ಕಣ್ಣ ಮುಂದೆಯೇ ಕರಗುವುದನ್ನು ನೋಡಿದ ಸರ್ಕಾರಕ್ಕೆ ಭಯ ಇತ್ತು. ಜೊತೆಗೆ ಕಬ್ಬಿನ ತೋಟಗಳ ಬಿಳಿಯ ಮಾಲೀಕರು, ಅವರ ಸಲಹೆಗಾರರು, ಅವರ ವೈದ್ಯರು ಇದ್ದರು. ಅವರಿಗೂ ಭಯವೇ, ಆದರೆ ಅದು ಬೇರೆ ಬಗೆಯದು. ಇವೆಲ್ಲ ಸೇರಿ ಆದದ್ದು ಆ ಕಾನೂನು.

ಸರ್ಕಾರದ ಲೆಕ್ಕಾಚಾರ ಹೀಗಿತ್ತು: ನೆಲ ಕೊಟ್ಟಿದ್ದೇವೆ, ರೋಗಿಗಳು ಉತ್ತು ಬಿತ್ತು ತಮ್ಮ ಊಟ ತಾವೇ ನೋಡಿಕೊಳ್ಳುತ್ತಾರೆ. ಬೆರಳು ಸೆಟೆದವರು, ಕಾಲಲ್ಲಿ ಹುಣ್ಣಾದವರು, ಮನೆಯವರಿಂದ ಕಿತ್ತು ತಂದವರು ಗುದ್ದಲಿ ಹಿಡಿದು ಬೇಸಾಯ ಮಾಡುತ್ತಾರೆ ಅಂತ ಯಾರೋ ಕಚೇರಿಯಲ್ಲಿ ಕುಳಿತು ಯೋಚಿಸಿದ್ದರು. ಅದು ಆಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ.

ಇನ್ನು ಫಾದರ್ ಡೇಮಿಯನ್ ಹೆಸರು. ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಸಾಮಾನ್ಯವಾಗಿ ಕಥೆ ಹೀಗೆ ಬರುತ್ತದೆ: ಅಲ್ಲಿ ಬರೀ ಕತ್ತಲೆ, ಕುಡಿತ, ಅರಾಜಕತೆ ಇತ್ತು, ಒಬ್ಬ ಬೆಲ್ಜಿಯಂ ಪಾದ್ರಿ ಬಂದ, ಎಲ್ಲ ಸರಿಯಾಯಿತು. ನಾನು ಡೇಮಿಯನ್ನರನ್ನು ತುಂಬಾ ಗೌರವಿಸುತ್ತೇನೆ. ಆದರೆ ಈ ಕಥೆ ಅರ್ಧ ಮಾತ್ರ. ಉಳಿದ ಅರ್ಧ ಬಿಟ್ಟರೆ ಅವರ ಕೆಲಸ ಯಾಕೆ ಫಲಿಸಿತು ಎಂಬುದೇ ನಮಗೆ ತಿಳಿಯುವುದಿಲ್ಲ. ಇವತ್ತು ನನ್ನ ಮಾತಿನ ಮುಖ್ಯ ವಿಷಯ ಅದೇ.

ಡೇಮಿಯನ್ ಬಂದದ್ದು 1873ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1866ರ ಡಿಸೆಂಬರ್‌ನಲ್ಲಿ, ರೋಗಿಗಳಲ್ಲೇ 35 ಜನ ಸೇರಿ ಕಲವಾವೊದಲ್ಲಿ ಸಿಲೊಅಮ ಎಂಬ ಪ್ರಾಟೆಸ್ಟಂಟ್ ಸಭೆ ಕಟ್ಟಿಕೊಂಡಿದ್ದರು. ಅಂದರೆ ಮೊದಲ ಗುಂಪು ಬಂದು ಒಂದು ವರ್ಷವೂ ಆಗಿರಲಿಲ್ಲ. ಪಾದ್ರಿ ಇಲ್ಲ, ಕಟ್ಟಡ ಇಲ್ಲ. ಜನ ತಾವೇ ಸೇರಿದರು. 1871ರ ಹೊತ್ತಿಗೆ ಚರ್ಚಿನ ಕಟ್ಟಡವೂ ಎದ್ದಿತು. ಕ್ಯಾಥೊಲಿಕರಿಗೂ 1872ರಲ್ಲಿ ಸೇಂಟ್ ಫಿಲೋಮಿನಾ ಎಂಬ ಚಿಕ್ಕ ಚರ್ಚು ಆಗಿತ್ತು. ಡೇಮಿಯನ್ ಮುಂದೆ ಅದನ್ನೇ ದೊಡ್ಡದು ಮಾಡಿದರು.

ರೋಗಿಗಳ ಜೊತೆ ಬಂದವರೂ ಇದ್ದರು. ಹೆಂಡತಿಗೆ ರೋಗ ಅಂತಾದರೆ ಗಂಡ ಹಡಗು ಹತ್ತುತ್ತಿದ್ದ. ಮಗನಿಗೆ ಅಂತಾದರೆ ತಾಯಿ. ಇವರನ್ನು ಕೊಕುವ ಎನ್ನುತ್ತಿದ್ದರು. ರೋಗ ಇಲ್ಲದಿದ್ದರೂ ತಮ್ಮವರ ಆರೈಕೆಗೆಂದು ಬಂದವರು. ಸರ್ಕಾರ ಕೆಲವೊಮ್ಮೆ ಬಿಡುತ್ತಿತ್ತು, ಕೆಲವೊಮ್ಮೆ ತಡೆಯುತ್ತಿತ್ತು. ನರ್ಸಿಂಗ್ ಓದುವ ನೀವು ಇದನ್ನು ನೆನಪಿಡಿ. ಕಲೌಪಾಪದ ಮೊದಲ ನರ್ಸುಗಳು ಇವರು. ಹುಣ್ಣು ತೊಳೆದವರು, ನೀರು ಹೊತ್ತವರು, ತುತ್ತು ಕೊಟ್ಟವರು ಇವರು. ಇವರ ಹೆಸರು ಹೆಚ್ಚಿನವು ಯಾವ ಪುಸ್ತಕದಲ್ಲೂ ಇಲ್ಲ.

ಹೆಸರು ಉಳಿದಿರುವ ಒಬ್ಬರು ಜೊನಾಥನ್ ನಪೇಲ. ಮಾವಿ ದ್ವೀಪದ ದೊಡ್ಡ ಮನೆತನದ ಹವಾಯಿಯನ್. ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಹೆಂಡತಿ ಕಿಟ್ಟಿಗೆ ರೋಗ ಬಂತು. 1873ರಲ್ಲಿ ಆಕೆಯ ಜೊತೆ ಕಲೌಪಾಪಕ್ಕೆ ಬಂದರು. ಸ್ವಲ್ಪ ಕಾಲ ಅಲ್ಲಿಯ ಮೇಲ್ವಿಚಾರಕರೂ ಆಗಿದ್ದರು. ಮಾರ್ಮನ್ ಸಭೆಯನ್ನು ನಡೆಸಿದರು. ಕ್ಯಾಥೊಲಿಕ್ ಪಾದ್ರಿ ಡೇಮಿಯನ್ ಜೊತೆ ಒಳ್ಳೆಯ ಸ್ನೇಹ ಇತ್ತು. ಕೊನೆಗೆ ಅವರಿಗೂ ರೋಗ ತಗುಲಿತು. 1879ರ ಆಗಸ್ಟ್‌ನಲ್ಲಿ ತೀರಿಕೊಂಡರು. ಕೆಲವೇ ವಾರಗಳಲ್ಲಿ ಕಿಟ್ಟಿಯೂ ಹೋದರು. ಡೇಮಿಯನ್ನರ ತ್ಯಾಗವನ್ನು ನೆನೆಯುವವರು ನಪೇಲರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ಡೇಮಿಯನ್. ಹುಟ್ಟಿದ್ದು 1840ರಲ್ಲಿ, ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯಲ್ಲಿ, ರೈತರ ಮನೆಯಲ್ಲಿ. ಹೆಸರು ಯೋಸೆಫ್ ಡಿ ವೂಸ್ಟರ್. ಹವಾಯಿಗೆ ಹೋಗಬೇಕಿದ್ದದ್ದು ಅವರ ಅಣ್ಣ. ಅಣ್ಣನಿಗೆ ಟೈಫಸ್ ಜ್ವರ ಬಂದಾಗ, ನಾನು ಹೋಗುತ್ತೇನೆ ಅಂತ ತಮ್ಮ ಹೊರಟರು. 1864ರಲ್ಲಿ ಹೊನೊಲುಲು ತಲುಪಿದರು. ಅದೇ ವರ್ಷ ಪಾದ್ರಿಯಾದರು. ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದಲ್ಲಿ ಸುತ್ತಾಡಿ, ಭಾಷೆ ಕಲಿತು, ಕೈಯಾರೆ ಚರ್ಚುಗಳನ್ನು ಕಟ್ಟಿದರು. ಬಡಗಿ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಪ್ರವಚನಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಬಡಗಿತನ.

1873ರ ಮೇ ತಿಂಗಳಲ್ಲಿ ಬಿಷಪ್ ಮೈಗ್ರೆ, ಮೊಲೊಕಾಯಿಗೆ ಯಾರಾದರೂ ಹೋಗುತ್ತೀರಾ ಅಂತ ಕೇಳಿದರು. ನಾಲ್ವರು ಮುಂದೆ ಬಂದರು. ಒಬ್ಬೊಬ್ಬರು ಕೆಲವು ತಿಂಗಳಂತೆ ಸರದಿ ಮೇಲೆ ಹೋಗುವುದು ಅಂತ ಮಾತಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ಕ್ಕೆ ಬಂದಿಳಿದರು. ಆಗ ಅವರಿಗೆ 33 ವರ್ಷ. ಎರಡನೇ ಸರದಿ ಬರಲೇ ಇಲ್ಲ. ಅವರು ಅಲ್ಲೇ ಉಳಿದರು.

ಬಂದಾಗ ಮನೆ ಇರಲಿಲ್ಲ. ಚರ್ಚಿನ ಪಕ್ಕ ಕೇದಗೆ ಜಾತಿಯ ಮರವೊಂದಿತ್ತು. ಅದರ ಅಡಿಯಲ್ಲೇ ಮಲಗುತ್ತಿದ್ದರು. ಸುತ್ತ ರೋಗಿಗಳ ಗುಡಿಸಲುಗಳು. ಹರಳು ಗಿಡದ ಕೊಂಬೆ ನೆಟ್ಟು, ಮೇಲೆ ಕಬ್ಬಿನ ಸೋಗೆ, ಹುಲ್ಲು ಹೊದಿಸಿದ ಗುಡಿಸಲುಗಳು. ಒಳಗೆ ತೇವ, ಕೆಟ್ಟ ವಾಸನೆ. ಆ ವಾಸನೆ ತಡೆಯಲು ತಂಬಾಕಿನ ಚಿಲುಮೆ ಸೇದಲು ಶುರು ಮಾಡಿದೆ ಅಂತ ಅವರೇ ಬರೆದಿದ್ದಾರೆ. ನೀರಿನ ಕಷ್ಟ ಎಲ್ಲಕ್ಕಿಂತ ದೊಡ್ಡದು. ಕಣಿವೆಯಿಂದ ಎಣ್ಣೆ ಡಬ್ಬಿಗಳಲ್ಲಿ ತುಂಬಿ ಹೆಗಲ ಮೇಲೆ ಹೊತ್ತು ತರಬೇಕು. ನಡೆಯಲಾಗದವನ ಗತಿ? ಸ್ನಾನ ಇಲ್ಲ, ಬಟ್ಟೆ ಒಗೆಯುವುದಿಲ್ಲ, ಹುಣ್ಣು ತೊಳೆಯಲು ನೀರಿಲ್ಲ. ಹುಣ್ಣು ತೊಳೆಯದಿದ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಅದೇ ವರ್ಷ ಹಡಗಿನಲ್ಲಿ ನೀರಿನ ಪೈಪುಗಳು ಬಂದವು. ಗಟ್ಟಿಮುಟ್ಟಾಗಿದ್ದ ರೋಗಿಗಳೇ ಜೊತೆ ನಿಂತು ಪೈಪು ಜೋಡಿಸಿದರು. ಆಮೇಲೆ ವೈಹಾನೌ ಎಂಬ ಕಣಿವೆಯ ತುದಿಯಲ್ಲಿ ಎಂದೂ ಬತ್ತದ ತಣ್ಣನೆಯ ನೀರಿನ ಮಡು ಇದೆ ಅಂತ ಕೇಳಿದಾಗ ಡೇಮಿಯನ್ ಕೆಲವರನ್ನು ಕರೆದುಕೊಂಡು ನೋಡಲು ಹೋದರು. ಮುಂದಿನ ವರ್ಷಗಳಲ್ಲಿ ಅದರ ನೀರೂ ಊರಿನ ಉಪಯೋಗಕ್ಕೆ ಸಿಕ್ಕಿತು.

1874ರ ಚಳಿಗಾಲದಲ್ಲಿ ದಕ್ಷಿಣದಿಂದ ಜೋರು ಬಿರುಗಾಳಿ ಬೀಸಿತು. ಕೊಳೆತ ಗುಡಿಸಲುಗಳು ಹಾರಿಹೋದವು. ರೋಗಿಗಳು ಕಂಬಳಿ ಹೊದ್ದು ಮಳೆಯಲ್ಲಿ ಮಲಗಿದರು. ಡೇಮಿಯನ್ ಪತ್ರದ ಮೇಲೆ ಪತ್ರ ಬರೆದು ಮರ ತರಿಸಿದರು. ಕೈಯಲ್ಲಿ ಕಾಸಿದ್ದವರು ಯಾರನ್ನೋ ಹಿಡಿದು ಮನೆ ಕಟ್ಟಿಸಿಕೊಂಡರು. ಇಲ್ಲದವರಿಗೆ ಇವರೇ ಬಡಗಿ. ಜೊತೆಗೆ ಮೊಳೆ ಹೊಡೆಯಲು ರೋಗ ಇದ್ದ ಹುಡುಗರು. ನೆಲದಿಂದ ಸ್ವಲ್ಪ ಮೇಲಕ್ಕೆ, ಹಲಗೆಯ ನೆಲ, ಸುಣ್ಣ ಬಳಿದ ಗೋಡೆ. ಮನೆ ಒಣಗಿತು. ಕೆಮ್ಮು, ಜ್ವರ ಕಡಿಮೆಯಾಯಿತು. ಸತ್ತವರಿಗೆ ಶವಪೆಟ್ಟಿಗೆ ಮಾಡಿದ್ದೂ ಅವರೇ. ಅಲ್ಲಿಯವರೆಗೆ ಹಣ ಇಲ್ಲದವರನ್ನು ಬರೀ ಕಂಬಳಿ ಸುತ್ತಿ ಹೂಳುತ್ತಿದ್ದರು. ಅನಾಥ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಮನೆ ಆಯಿತು. ಹಾಡುವ ತಂಡ, ಬ್ಯಾಂಡು ಕೂಡ ಆಯಿತು. ಬೆರಳು ಕಡಿಮೆ ಇದ್ದವರೂ ವಾದ್ಯ ನುಡಿಸುತ್ತಿದ್ದರು. ಹವಾಯಿ ಜನಕ್ಕೆ ಹಾಡು ಇಲ್ಲದೆ ದಿನ ಹೋಗದು.

ಅವರು ಒಬ್ಬ ವಾರ್ಡಿನ ಅಧಿಕಾರಿಯಂತೆ ಬದುಕಲಿಲ್ಲ ಎಂಬುದು ಮುಖ್ಯ. ಬಂದ ಮೊದಲ ವರ್ಷವೇ ಪ್ರವಚನದಲ್ಲಿ 'ನಾವು ಕುಷ್ಠರೋಗಿಗಳು' ಅಂತ ಮಾತು ಶುರು ಮಾಡುತ್ತಿದ್ದರು. ಆಗ ಅವರಿಗೆ ರೋಗ ಇರಲಿಲ್ಲ. ರೋಗಿಗಳ ಜೊತೆ ಒಂದೇ ಬಟ್ಟಲಲ್ಲಿ ಪೊಯ್ ತಿನ್ನುತ್ತಿದ್ದರು. ಹವಾಯಿಯಲ್ಲಿ ಒಬ್ಬರ ಮನೆಗೆ ಹೋಗಿ ಪೊಯ್ ಬೇಡ ಅಂದರೆ ಅದು ದೊಡ್ಡ ಅವಮಾನ. ನಿಮ್ಮ ಇನ್ಫೆಕ್ಷನ್ ಕಂಟ್ರೋಲ್ ಪಾಠದ ಪ್ರಕಾರ ಇದು ತಪ್ಪು, ಅಲ್ವಾ? ಹೌದು, ಆ ಪಾಠದ ಪ್ರಕಾರ ತಪ್ಪು. ಆದರೆ ಊರಿನವರು ಅವರ ಮಾತಿಗೆ ಯಾಕೆ ಕಿವಿಗೊಟ್ಟರು ಅಂತ ಕೇಳಿದರೆ ಇದೂ ಒಂದು ಉತ್ತರ.

ಅವರು ಸುಲಭದ ಮನುಷ್ಯ ಆಗಿರಲಿಲ್ಲ. ಮುಂಗೋಪಿ. ಹಟಮಾರಿ. ಸರ್ಕಾರದ ಆರೋಗ್ಯ ಮಂಡಳಿಯವರ ಜೊತೆ ಸದಾ ಜಗಳ: ಮರ ಕಳಿಸಿ, ಬಟ್ಟೆ ಕಳಿಸಿ, ಔಷಧಿ ಕಳಿಸಿ. ಅವರ ಸ್ವಂತ ಮಠದ ಹಿರಿಯರಿಗೂ ಅವರ ಮೇಲೆ ಸಿಟ್ಟಿತ್ತು. ಲಂಡನ್ನಿನ ಒಬ್ಬ ಆಂಗ್ಲಿಕನ್ ಪಾದ್ರಿ ದುಡ್ಡು ಸೇರಿಸಿ ಕಳಿಸಿದಾಗ, ಇವನು ಪ್ರಚಾರ ಮಾಡಿಕೊಳ್ಳುತ್ತಿದ್ದಾನೆ ಅಂತ ಮಾತು ಬಂತು. ನನಗನ್ನಿಸುವುದು, ಕೇಳದೇ ಇದ್ದರೆ ಆ ಮರ ಎಂದೂ ಬರುತ್ತಿರಲಿಲ್ಲ. ದೂರದ ದ್ವೀಪದಲ್ಲಿ ಬಾಯಿಲ್ಲದವರ ಪರವಾಗಿ ನಿಂತವನು ಜಗಳಗಂಟ ಅನ್ನಿಸಿಕೊಳ್ಳುವುದು ಸಹಜ.

1884ರ ಕೊನೆಯಲ್ಲಿ ಒಂದು ದಿನ ಕುದಿಯುವ ನೀರಿನಲ್ಲಿ ಅವರ ಕಾಲು ಬೆಂದಿತು. ನೋವೇ ಆಗಲಿಲ್ಲ. ಈ ರೋಗದಲ್ಲಿ ಚರ್ಮಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ತಮಗೂ ರೋಗ ತಗುಲಿದೆ ಅಂತ ಅಲ್ಲಿಗೆ ಅವರಿಗೆ ಗೊತ್ತಾಯಿತು. ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ನನಗೆ ಅತ್ಯಂತ ಪ್ರಿಯರಾದವರ ಬಗ್ಗೆ ಹೇಳುತ್ತೇನೆ. ನರ್ಸಿಂಗ್ ಕಲಿಸುವವಳಾದ್ದರಿಂದ ಸ್ವಲ್ಪ ಪಕ್ಷಪಾತ ಇರಬಹುದು. ಮದರ್ ಮರಿಯಾನ್ ಕೋಪ್. ಜರ್ಮನಿಯಲ್ಲಿ 1838ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕದ ಯುಟಿಕಾ ಊರಿಗೆ ಬಂದವರು. ತಂದೆ ಕಾಯಿಲೆ ಬಿದ್ದಾಗ ಕಾರ್ಖಾನೆಯಲ್ಲಿ ದುಡಿದು ಮನೆ ನಡೆಸಿದರು. ಆಮೇಲೆ ಫ್ರಾನ್ಸಿಸ್ಕನ್ ಸಿಸ್ಟರ್ ಆದರು. ಸಿರಕ್ಯೂಸ್ ನಗರದಲ್ಲಿ ಸೇಂಟ್ ಜೋಸೆಫ್ ಆಸ್ಪತ್ರೆಯನ್ನು ನಡೆಸಿದರು. ಒಬ್ಬ ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆದೇ ಇನ್ನೊಬ್ಬರನ್ನು ಮುಟ್ಟಬೇಕು ಎಂಬ ನಿಯಮವನ್ನು ಬಿಗಿಯಾಗಿ ಇಟ್ಟವರು. ಆ ಕಾಲದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೂ ಕೈ ತೊಳೆಯದೆ ಆಪರೇಷನ್ ಮಾಡುತ್ತಿದ್ದರು.

1883ರಲ್ಲಿ ಹವಾಯಿಯಿಂದ ಒಂದು ಪತ್ರ ಬಂತು: ಆಸ್ಪತ್ರೆ ನೋಡಿಕೊಳ್ಳಲು ಸಿಸ್ಟರ್‌ಗಳು ಬೇಕು. ಐವತ್ತಕ್ಕೂ ಜಾಸ್ತಿ ಸಂಸ್ಥೆಗಳು ಆಗಲೇ ಇಲ್ಲ ಅಂದಿದ್ದವು. ಮರಿಯಾನ್ ಹೂಂ ಅಂದರು. ಆರು ಸಿಸ್ಟರ್‌ಗಳ ಜೊತೆ ನವೆಂಬರ್‌ನಲ್ಲಿ ಹೊನೊಲುಲುಗೆ ಬಂದರು. ಅಲ್ಲಿಯ ಕಾಕಾಕೊ ಎಂಬ ಜಾಗದಲ್ಲಿ, ಮೊಲೊಕಾಯಿಗೆ ಕಳಿಸುವ ಮೊದಲು ರೋಗಿಗಳನ್ನು ಇಟ್ಟುಕೊಳ್ಳುವ ಆಸ್ಪತ್ರೆ ಇತ್ತು. ನೂರು ಜನರ ಜಾಗದಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಕೊಳಕು ವಿಪರೀತ. ಸಿಸ್ಟರ್‌ಗಳು ಮೊದಲು ಹಿಡಿದದ್ದು ಪೊರಕೆ, ಬಕೆಟ್ಟು, ಸೋಪು. ಆಮೇಲೆ ಹುಣ್ಣಿನ ಡ್ರೆಸಿಂಗ್. ಅಲ್ಲಿಯ ಮೇಲ್ವಿಚಾರಕ ರೋಗಿಗಳಿಗೆ ಕಿರುಕುಳ ಕೊಡುತ್ತಿದ್ದ. ಮರಿಯಾನ್ ಸರ್ಕಾರಕ್ಕೆ ನೇರವಾಗಿ ಹೇಳಿದರು: ಇವನು ಹೋಗಬೇಕು, ಇಲ್ಲದಿದ್ದರೆ ನಾವು ಹೋಗುತ್ತೇವೆ. ಸರ್ಕಾರ ಅವನನ್ನು ತೆಗೆದು, ಆಸ್ಪತ್ರೆಯನ್ನೇ ಅವರ ಕೈಗೆ ಕೊಟ್ಟಿತು. ಮೆಲು ಮಾತಿನ, ಶಾಂತ ಸ್ವಭಾವದ ಹೆಂಗಸು ಅವರು. ಬೇಕಾದಾಗ ಪಟ್ಟು ಹಿಡಿಯುವುದು ಗೊತ್ತಿತ್ತು.

ರೋಗಿಗಳ ಹೆಣ್ಣುಮಕ್ಕಳು, ರೋಗ ಇಲ್ಲದವರು, ಬೀದಿಪಾಲಾಗುತ್ತಿದ್ದರು. ರಾಣಿ ಕಪಿಯೊಲಾನಿ ಅವರ ನೆರವಿನಿಂದ 1885ರಲ್ಲಿ ಆ ಮಕ್ಕಳಿಗೊಂದು ಮನೆ ಆಯಿತು. ಅದನ್ನು ನಡೆಸಿದ್ದೂ ಈ ಸಿಸ್ಟರ್‌ಗಳೇ. ಆಮೇಲೆ 1888ರ ನವೆಂಬರ್‌ನಲ್ಲಿ ಮರಿಯಾನ್, ಸಿಸ್ಟರ್ ಲಿಯೊಪೊಲ್ಡೀನಾ, ಸಿಸ್ಟರ್ ವಿನ್ಸೆಂಷಿಯಾ ಕಲೌಪಾಪಕ್ಕೇ ಬಂದರು. ಡೇಮಿಯನ್ ಆಗ ಸಾಯುವ ಹಂತದಲ್ಲಿದ್ದರು. ತಾವು ಸಾಕುತ್ತಿದ್ದ ಅನಾಥ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಅವರ ಚಿಂತೆಗೆ ಮರಿಯಾನ್ ಬಂದದ್ದೇ ಉತ್ತರ.

ಹುಡುಗಿಯರಿಗಾಗಿ ಬಿಷಪ್ ಹೋಮ್ ಎಂಬ ಮನೆ ಇತ್ತು. ಚಾರ್ಲ್ಸ್ ಬಿಷಪ್ ಎಂಬ ಶ್ರೀಮಂತರು ಹಣ ಕೊಟ್ಟು ಕಟ್ಟಿಸಿದ್ದು. ಅಲ್ಲಿ ಮರಿಯಾನ್ ಮಾಡಿದ ಕೆಲಸವನ್ನು ನೋಡಿ. ಹುಣ್ಣಿಗೆ ಬ್ಯಾಂಡೇಜು, ಅದು ಸರಿ. ಅದರ ಜೊತೆಗೆ ಹೊಲಿಗೆ ಕಲಿಸಿದರು. ಹುಡುಗಿಯರಿಗೆ ಚೆಂದದ ಬಟ್ಟೆ ಹೊಲಿದು ಕೊಟ್ಟರು. ಕೂದಲಿಗೆ ರಿಬ್ಬನ್. ಗಾಳಿಗೆ ಬೋಳಾಗಿದ್ದ ನೆಲದಲ್ಲಿ ಹಣ್ಣಿನ ಮರ, ಹೂವಿನ ಗಿಡ ನೆಟ್ಟರು. ಇದೆಲ್ಲ ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಹದಿನಾಲ್ಕು ವರ್ಷದ ಹುಡುಗಿ, ಮುಖದಲ್ಲಿ ಗಂಟುಗಳು, ಅಮ್ಮ ದೂರದ ದ್ವೀಪದಲ್ಲಿ. ಅವಳಿಗೆ ಹೊಸ ಬಟ್ಟೆ ಅಂದರೆ ಏನು ಅಂತ ಯಾವ ಔಷಧಿ ಪುಸ್ತಕವೂ ಹೇಳುವುದಿಲ್ಲ. ನೀವು ವಾರ್ಡಿನಲ್ಲಿ ರೋಗಿಯ ತಲೆ ಬಾಚುವಾಗ ಇದನ್ನೇ ಮಾಡುತ್ತಿರುತ್ತೀರಿ.

ಮರಿಯಾನ್ ತಮ್ಮ ಸಿಸ್ಟರ್‌ಗಳಿಗೆ, ನಿಮ್ಮಲ್ಲಿ ಯಾರಿಗೂ ಈ ರೋಗ ಬರುವುದಿಲ್ಲ ಅಂತ ಮಾತು ಕೊಟ್ಟಿದ್ದರು. ಯಾರಿಗೂ ಬರಲಿಲ್ಲ. 1918ರಲ್ಲಿ ಕಲೌಪಾಪದಲ್ಲೇ ಅವರು ತೀರಿಕೊಂಡರು. ಡೇಮಿಯನ್ನರಿಗೆ 2009ರಲ್ಲಿ, ಮರಿಯಾನ್‌ಗೆ 2012ರಲ್ಲಿ ಪೋಪ್ ಸಂತ ಪದವಿ ಕೊಟ್ಟರು.

ಜೋಸೆಫ್ ಡಟ್ಟನ್ ಬಗ್ಗೆ ಎರಡು ಮಾತು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕ. ಪಾದ್ರಿಯಲ್ಲ, ದೀಕ್ಷೆ ಪಡೆದವರೂ ಅಲ್ಲ. 1886ರಲ್ಲಿ ತಾವಾಗಿ ಬಂದು ಡೇಮಿಯನ್ನರ ಕೈಗೆ ಕೈ ಸೇರಿಸಿದರು. ಹುಡುಗರ ಮನೆಯನ್ನು ದಶಕಗಳ ಕಾಲ ನೋಡಿಕೊಂಡರು. 1908ರಲ್ಲಿ ಅಮೆರಿಕದ ನೌಕಾಪಡೆಯ ದೊಡ್ಡ ಹಡಗುಗಳ ಸಾಲು ಅಧ್ಯಕ್ಷ ರೂಸ್‌ವೆಲ್ಟ್ ಆದೇಶದ ಮೇಲೆ ದಾರಿ ಬದಲಿಸಿ, ಅವರಿಗೆ ಗೌರವ ಸೂಚಿಸಲು ಮೊಲೊಕಾಯಿ ಹತ್ತಿರ ಹಾದುಹೋಯಿತು. 44 ವರ್ಷ ಅಲ್ಲಿದ್ದರು.

ಈಗ ಇನ್ನೊಂದು ಬದಿ. ಇದೇ ಕಲವಾವೊದಲ್ಲಿ 1909ರಲ್ಲಿ ಅಮೆರಿಕ ಸರ್ಕಾರ ಒಂದು ಸಂಶೋಧನಾ ಆಸ್ಪತ್ರೆ ತೆರೆಯಿತು. ಆಗ ಹವಾಯಿ ಅಮೆರಿಕದ ವಶದಲ್ಲಿತ್ತು. ಹಣಕ್ಕೆ ಕೊರತೆ ಇರಲಿಲ್ಲ. ಹೊಸ ಕಟ್ಟಡ, ಒಳ್ಳೆಯ ಉಪಕರಣ, ಓದಿದ ವೈದ್ಯರು. ಸುತ್ತಲೂ ಬೇಲಿ. ಅಲ್ಲಿ ಸೇರಿದರೆ ಹೊರಗೆ ಬರುವಂತಿಲ್ಲ, ನೆಂಟರನ್ನು ನೋಡುವಂತಿಲ್ಲ. ಎಷ್ಟು ರೋಗಿಗಳು ಸೇರಿದರು ಗೊತ್ತಾ? ಒಂಬತ್ತು ಜನ. ನೂರಾರು ರೋಗಿಗಳಿದ್ದ ಊರಿನಲ್ಲಿ ಒಂಬತ್ತು. 1913ರಲ್ಲಿ ಬಾಗಿಲು ಹಾಕಿದರು.

ಅದನ್ನೂ ಡೇಮಿಯನ್ನರ ಬಡಗಿ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೋಗ ವಾಸಿ ಮಾಡುವುದು ಇಬ್ಬರ ಕೈಯಲ್ಲೂ ಇರಲಿಲ್ಲ. ಆ ಕಾಲಕ್ಕೆ ಔಷಧಿಯೇ ಇರಲಿಲ್ಲ. ಆದರೆ ಮಿಷನರಿಗಳು ಊರಿನ ಒಳಗೆ ಬಂದರು. ಜನ ಆಗಲೇ ಕಟ್ಟಿಕೊಂಡಿದ್ದ ಸಭೆ, ಆಗಲೇ ಮಾಡುತ್ತಿದ್ದ ಆರೈಕೆ, ಇವಕ್ಕೆ ಮೊಳೆ, ಮರ, ಪೈಪು, ಸೋಪು ಸೇರಿಸಿದರು. ಸಂಶೋಧಕರು ಬೇಲಿ ಹಾಕಿ, ಜನ ಬರಲಿ ಅಂತ ಕಾದರು.

ಅದಕ್ಕೂ ಮೊದಲು 1884ರಲ್ಲಿ ಕೆಯಾನು ಎಂಬ ಕೈದಿಯ ಮೇಲೆ ಒಬ್ಬ ವೈದ್ಯರು ಪ್ರಯೋಗ ಮಾಡಿದ್ದರು. ಗಲ್ಲು ತಪ್ಪಿಸುವ ಆಸೆ ತೋರಿಸಿ, ಅವನ ಮೈಗೆ ರೋಗದ ಗಂಟಿನ ಚೂರನ್ನು ಸೇರಿಸಿದರು. ಜನ ಇದನ್ನು ಮರೆಯುತ್ತಾರಾ? ಬೇಲಿಯ ಒಳಗೆ ಯಾಕೆ ಹೋಗಲಿಲ್ಲ ಅಂತ ಆಶ್ಚರ್ಯಪಡಬೇಕಾಗಿಲ್ಲ.

ಮಿಷನರಿಗಳ ಕೆಲಸಕ್ಕೆ ಒಂದು ಮಿತಿಯೂ ಇತ್ತು. ಅವರು ಕಾನೂನಿನ ಒಳಗೇ ಕೆಲಸ ಮಾಡಿದರು. ಬೇರ್ಪಡಿಸುವುದೇ ತಪ್ಪು ಎಂದು ಹೋರಾಟಕ್ಕೆ ಇಳಿಯಲಿಲ್ಲ. ಎಷ್ಟೋ ವರ್ಷ ಕಲೌಪಾಪದಲ್ಲಿ ಹುಟ್ಟಿದ ಮಗುವನ್ನು ತಾಯಿಯಿಂದ ತಕ್ಷಣ ದೂರ ಮಾಡುತ್ತಿದ್ದರು. ನರ್ಸರಿಯಲ್ಲಿಟ್ಟು, ಗಾಜಿನ ಆಚೆಯಿಂದ ತೋರಿಸಿ, ಆಮೇಲೆ ಹೊರಗೆ ಕಳಿಸುತ್ತಿದ್ದರು. ತಾಯಂದಿರು ಎತ್ತಿಕೊಳ್ಳುವಂತಿರಲಿಲ್ಲ. ಇದನ್ನು ಹೇಳದೆ ಕಲೌಪಾಪದ ಸೇವೆಯ ಮಾತಾಡಬಾರದು. ಕಾನೂನನ್ನು ನೇರವಾಗಿ ಎದುರಿಸಿದವರು ಹವಾಯಿ ಜನರೇ. ಕವಾಯಿ ದ್ವೀಪದ ಕೊಓಲಾವ್ ಎಂಬಾತ ಹೆಂಡತಿ ಪಿಇಲಾನಿ, ಮಗನ ಜೊತೆ ಕಲಲಾವ್ ಕಣಿವೆಯಲ್ಲಿ ಅಡಗಿಕೊಂಡ. 1893ರಲ್ಲಿ ಹಿಡಿಯಲು ಬಂದವರನ್ನು ಬಂದೂಕಿನಿಂದ ಎದುರಿಸಿದ. ಅವನು ಸಿಕ್ಕಲೇ ಇಲ್ಲ. ಗಂಡ, ಮಗ ಇಬ್ಬರನ್ನೂ ಅಲ್ಲೇ ಮಣ್ಣು ಮಾಡಿ ಪಿಇಲಾನಿ ಒಬ್ಬಳೇ ಕೆಳಗಿಳಿದು ಬಂದಳು.

ಭಾರತಕ್ಕೂ ಈ ಕಥೆಗೂ ನಂಟಿದೆ. 1888ರ ಕೊನೆಯಲ್ಲಿ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಡೇಮಿಯನ್ನರನ್ನು ನೋಡಲು ಬಂದಾಗ ಗರ್ಜನ್ ಎಣ್ಣೆ ತಂದಿದ್ದರು. ಅಂಡಮಾನಿನಲ್ಲಿ ಕುಷ್ಠಕ್ಕೆ ಅದನ್ನು ಬಳಸಿ ನೋಡಿದ್ದರು. ಡೇಮಿಯನ್ ಸತ್ತ ಮೇಲೆ ಇಂಗ್ಲೆಂಡಿನಲ್ಲಿ ಅವರ ನೆನಪಿಗೆ ಹಣ ಸೇರಿಸಿದರು. ಆ ಹಣದಲ್ಲೇ 1890-91ರಲ್ಲಿ ಒಂದು ಆಯೋಗ ಭಾರತವನ್ನು ಸುತ್ತಿತು. ಈ ರೋಗ ಅಷ್ಟು ಸುಲಭವಾಗಿ ಅಂಟುವುದಿಲ್ಲ, ಎಲ್ಲರನ್ನೂ ಬಲವಂತವಾಗಿ ಬೇರೆ ಇಡಬೇಕಾಗಿಲ್ಲ ಅಂತ ಆಯೋಗ ಹೇಳಿತು. ಹಣ ಸೇರಿಸಿದ ಲಂಡನ್ನಿನ ಹಿರಿಯರಿಗೆ ಅದು ರುಚಿಸಲಿಲ್ಲ. 1898ರಲ್ಲಿ ಭಾರತದಲ್ಲೂ ಕುಷ್ಠರೋಗಿಗಳ ಕಾನೂನು ಬಂತು. ಬೀದಿಯಲ್ಲಿ ಭಿಕ್ಷೆ ಬೇಡುವ ಬಡ ರೋಗಿಗಳನ್ನು ಹಿಡಿದು ಇಡುವ ಕಾನೂನು. ಅದು ಪುಸ್ತಕದಿಂದ ಹೋದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ವಿಚ್ಛೇದನ ಕೇಳುವ ಅವಕಾಶ ನಮ್ಮ ವಿವಾಹ ಕಾನೂನುಗಳಲ್ಲಿ 2019ರವರೆಗೂ ಇತ್ತು! ಔಷಧಿ ಬಂದು ಎಷ್ಟೋ ದಶಕ ಆಗಿತ್ತು.

ಇಲ್ಲೇ ನಮ್ಮ ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ 1880ರಲ್ಲಿ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರು ಮಾಡಿದ್ದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು.

ಔಷಧಿಯ ಕಥೆಯನ್ನು ಬೇಗ ಮುಗಿಸುತ್ತೇನೆ, ನಿಮ್ಮ ಪಠ್ಯದಲ್ಲಿದೆ. ಬಹುಕಾಲ ಚಾಲ್‌ಮೂಗ್ರ ಎಣ್ಣೆಯೇ ಗತಿ. ಅದೇ ಕುಲದ ಗರುಡಫಲದ ಮರ ನಮ್ಮ ಪಶ್ಚಿಮಘಟ್ಟದಲ್ಲಿದೆ. ಹೊನೊಲುಲುವಿನಲ್ಲಿ ಆಲಿಸ್ ಬಾಲ್ ಎಂಬ ಕಪ್ಪು ಯುವತಿ, ರಸಾಯನಶಾಸ್ತ್ರಜ್ಞೆ, 1915ರ ಹೊತ್ತಿಗೆ ಆ ಎಣ್ಣೆಯನ್ನು ಇಂಜೆಕ್ಷನ್ ಆಗಿ ಕೊಡುವ ದಾರಿ ಕಂಡುಹಿಡಿದಳು. 24ನೇ ವಯಸ್ಸಿಗೇ ತೀರಿಕೊಂಡಳು. ಅವಳ ಹೆಸರು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಕಲೌಪಾಪಕ್ಕೆ ಸಲ್ಫೋನ್ ಔಷಧಿ ಬಂದದ್ದು 1946ರಲ್ಲಿ. ರೋಗ ಹತೋಟಿಗೆ ಬಂತು. ಆಮೇಲೂ ಕಾನೂನು 23 ವರ್ಷ ಉಳಿಯಿತು.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಮೇಡಂ, ಡೇಮಿಯನ್ನರಿಗೆ ರೋಗ ಬಂತು, ಸಿಸ್ಟರ್‌ಗಳಿಗೆ ಬರಲಿಲ್ಲ. ಕೈ ತೊಳೆದದ್ದಕ್ಕಾ?"

ಕೈ ತೊಳೆದದ್ದು ಒಳ್ಳೆಯದೇ, ಬೇರೆ ಎಷ್ಟೋ ಸೋಂಕು ತಪ್ಪಿಸಿರುತ್ತದೆ. ಆದರೆ ಬಹುಪಾಲು ಜನರ ಮೈಯಲ್ಲಿ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಡಟ್ಟನ್ 44 ವರ್ಷ ಇದ್ದರೂ ಬರಲಿಲ್ಲ. ಡೇಮಿಯನ್ ಆ ಶಕ್ತಿ ಇಲ್ಲದ ಕೆಲವರಲ್ಲಿ ಒಬ್ಬರು. ಭಾರತ ಸುತ್ತಿದ ಆ ಆಯೋಗ ಆಗಲೇ ಹೇಳಿದ ಮಾತು ಸರಿಯಿತ್ತು. ಈಗ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ನುಂಗಿದರೆ ರೋಗ ವಾಸಿಯಾಗುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. ಚರ್ಮದ ಮೇಲೆ ಬಣ್ಣ ಮಾಸಿದ, ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದವರನ್ನು ಅಲ್ಲಿಗೆ ಕಳಿಸಿ.

ಇನ್ನೊಬ್ಬರು, ಸ್ವಲ್ಪ ಹಿಂಜರಿಯುತ್ತಾ: "ಮತ ಪ್ರಚಾರವೇ ಅವರ ಉದ್ದೇಶ ಅಲ್ವಾ?"

ಉದ್ದೇಶಗಳಲ್ಲಿ ಅದೂ ಒಂದು. ಮುಚ್ಚಿಡುವುದೇನಿಲ್ಲ. ಡೇಮಿಯನ್ ಜ್ಞಾನಸ್ನಾನ ಕೊಟ್ಟದ್ದನ್ನು ಸಂತೋಷದಿಂದ ಬರೆಯುತ್ತಿದ್ದರು. 1820ರಿಂದ ಹವಾಯಿಗೆ ಬಂದ ಪ್ರಾಟೆಸ್ಟಂಟ್ ಮಿಷನರಿಗಳ ಮಕ್ಕಳು, ಮೊಮ್ಮಕ್ಕಳಲ್ಲೇ ಕೆಲವರು 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪಟ್ಟದಿಂದ ಇಳಿಸುವುದರಲ್ಲಿ ಮುಂದೆ ಇದ್ದರು. ಅದೂ ಮಿಷನರಿ ಇತಿಹಾಸವೇ. ಆದರೆ ಕಲೌಪಾಪದ ಪೈಪಿನಲ್ಲಿ ಕ್ಯಾಥೊಲಿಕರಿಗೆ, ಸಿಲೊಅಮದವರಿಗೆ, ಮಾರ್ಮನ್ನರಿಗೆ ಒಂದೇ ನೀರು ಬಂತು. ನಾನು ಅವರನ್ನು ಅಳೆಯುವುದು ಆ ನೀರಿನಿಂದ.

ಕೊನೆಯ ಪ್ರಶ್ನೆ: "ಈಗ ಅಲ್ಲಿ ಯಾರಿದ್ದಾರೆ?"

1969ರಲ್ಲಿ ಬಾಗಿಲು ತೆರೆದಾಗ ಎಷ್ಟೋ ಜನ ಹೊರಗೆ ಹೋಗಲಿಲ್ಲ. ಬಾಲ್ಯದಲ್ಲಿ ಬಂದವರು. ಗೆಳೆಯರು, ಗಂಡ-ಹೆಂಡತಿ, ಸಮಾಧಿಗಳು ಎಲ್ಲ ಅಲ್ಲೇ. ಬದುಕಿರುವ ತನಕ ಇಲ್ಲೇ ಇರುತ್ತೇವೆ ಅಂದರು, ಸರ್ಕಾರ ಒಪ್ಪಿತು. 1980ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಆಯಿತು. ಉಳಿದವರು ಈಗ ಬೆರಳೆಣಿಕೆಯಷ್ಟು, ತುಂಬಾ ವಯಸ್ಸಾದವರು. ವರ್ಷಕ್ಕೊಮ್ಮೆ ದೊಡ್ಡ ದೋಣಿಯಲ್ಲಿ ಸಾಮಾನು ಬರುತ್ತದೆ. ಅವರ ನಂತರ ನೆಲ ಯಾರ ಕೈಗೆ ಹೋಗಬೇಕು ಎಂಬ ಚರ್ಚೆ ನಡೆದಿದೆ, ಹವಾಯಿ ಜನ ಅದರಲ್ಲಿ ತಮ್ಮ ಹಕ್ಕು ಕೇಳುತ್ತಿದ್ದಾರೆ. 8,000 ಜನರಲ್ಲಿ ಹೆಚ್ಚಿನವರ ಸಮಾಧಿಗೆ ಗುರುತಿಲ್ಲ. ರೋಗಿಗಳು, ಅವರ ಕುಟುಂಬದವರು, ಸ್ನೇಹಿತರು ಸೇರಿ 2003ರಲ್ಲಿ 'ಕ ಒಹಾನ ಒ ಕಲೌಪಾಪ' ಎಂಬ ಸಂಘ ಕಟ್ಟಿದರು. ಅವರ ಪ್ರಯತ್ನದಿಂದ 2009ರಲ್ಲಿ ಸ್ಮಾರಕಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಅಲ್ಲಿಗೆ ಕಳಿಸಿದ ಪ್ರತಿಯೊಬ್ಬರ ಹೆಸರೂ ಅದರಲ್ಲಿ ಇರಬೇಕು ಎಂಬುದು ಸಂಘದ ಬೇಡಿಕೆ. ಮುತ್ತಜ್ಜಿ, ಮುತ್ತಜ್ಜ ಏನಾದರು ಅಂತ ಕೇಳಿಕೊಂಡು ಬರುವ ಕುಟುಂಬಗಳಿಗೆ ಹಳೆಯ ದಾಖಲೆಗಳಿಂದ ಅವರ ಹೆಸರು ಹುಡುಕಿ ಕೊಡುವ ಕೆಲಸವನ್ನೂ ಅವರೇ ಮಾಡುತ್ತಾರೆ.